ನಲವತ್ತು ರೂಪಾಯಿಯ ಕ್ರಿಕೆಟ್

ಕಳೆದ ವರ್ಷ ಬೆಂಗಳೂರಿನಲ್ಲಿ ಒಂದು ಇಂಟರ್‌ವ್ಯೂ ಇತ್ತು. ಗೇಮ್ ಟೆಸ್ಟರ್ ಕೆಲಸ. ಕವಲಂದೆ ಸ್ಟೇಷನ್‌ನಲ್ಲಿ ಪ್ಯಾಸೆಂಜರ್ ಹತ್ತಿ, ಮೈಸೂರಿನಲ್ಲಿ ಇನ್ನೊಂದು ರೈಲು ಹಿಡಿದು, ಮೆಟ್ರೋದಲ್ಲಿ ಶರ್ಟು ಮುದುಡದ ಹಾಗೆ ನಿಂತುಕೊಂಡು ಹೋಗಿದ್ದೆ. ಜಾವಾ, ಎಸ್‌ಕ್ಯೂಎಲ್, ಬಗ್ ರಿಪೋರ್ಟ್ ಬರೆಯುವ ಕ್ರಮ ಎಲ್ಲವನ್ನೂ ಉರು ಹೊಡೆದಿದ್ದೆ. ಅವರು ಕೇಳಿದ್ದು ಬೇರೆಯೇ.

‘ನಿಮಗೆ ತುಂಬಾ ಇಷ್ಟವಾಗಿದ್ದ, ಆದರೆ ಹಾಳಾಗಿ ಹೋದ ಒಂದು ಗೇಮ್ ಸರಣಿ ಹೇಳಿ. ಅದು ಎಡವಿದ್ದೆಲ್ಲಿ?’

ನನಗೆ ಒಳಗೊಳಗೇ ಖುಷಿ. ಈ ಪ್ರಶ್ನೆಗೆ ನಾನು ಒಂಬತ್ತನೇ ವಯಸ್ಸಿನಿಂದ ತಯಾರಿ ಮಾಡಿಕೊಂಡೇ ಬಂದಿದ್ದೇನೆ ಅನ್ನಿಸಿತು. ‘ಇಎ ಸ್ಪೋರ್ಟ್ಸ್ ಕ್ರಿಕೆಟ್ ಸರ್’ ಅಂದೆ.

ಈ ಪುಟ ಓದುವವರಲ್ಲಿ ಅರ್ಧ ಜನಕ್ಕಾದರೂ ಆ ಹೆಸರು ಕೇಳಿದ ಕೂಡಲೇ ಕಂಪ್ಯೂಟರಿನ ಫ್ಯಾನ್ ಸದ್ದು ಕಿವಿಗೆ ಬಂದಿರುತ್ತದೆ. 2011ರ ವಿಶ್ವಕಪ್ಪಿನ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊನೆಯ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಬಂತು. ಆ ಮನೆಯ ಅಣ್ಣ ಆಗ ಪಿಯುಸಿ ಓದುತ್ತಿದ್ದ. ‘ಓದೋಕೆ ಬೇಕು’ ಅಂತ ಅಪ್ಪನನ್ನು ಕಾಡಿ ತರಿಸಿಕೊಂಡಿದ್ದ. ಮಾರನೇ ದಿನವೇ ನಂಜನಗೂಡಿನಿಂದ ನಲವತ್ತು ರೂಪಾಯಿಗೆ ಒಂದು ಸಿ.ಡಿ. ತಂದ. ಮೇಲೆ ಧೋನಿ ಫೋಟೊ, ‘ಕ್ರಿಕೆಟ್ 2011 ವರ್ಲ್ಡ್ ಕಪ್’ ಅಂತ ದಪ್ಪ ಅಕ್ಷರ. ಆದರೆ ಗೇಮ್ ಶುರುವಾದಾಗ ಪರದೆ ಮೇಲೆ ಬರುತ್ತಿದ್ದದ್ದು ಮಾತ್ರ ‘ಕ್ರಿಕೆಟ್ 07’. ಆ 07 ಯಾಕಿದೆ ಅಂತ ನಾವು ಕೇಳಲೂ ಇಲ್ಲ. ಮುಂದೆ 2013ರ ಸಿ.ಡಿ. ಬಂತು, 2015ರದ್ದೂ ಬಂತು. ಒಳಗೆ ಅದೇ 07. ನಂಜನಗೂಡು ರಸಬಾಳೆಯ ಕಥೆಯೂ ಹೀಗೇ ಅಲ್ಲವಾ? ಪನಾಮ ರೋಗ ಬಂದು ತೋಟಗಳು ಹೋದವು, ಹೆಸರು ಮಾತ್ರ ಗಾಡಿಗಳ ಮೇಲೆ ಉಳಿಯಿತು.

ಆಟಕ್ಕೆ ನಮ್ಮದೇ ಕಾನೂನುಗಳಿದ್ದವು. ಔಟಾದವನು ತಕರಾರಿಲ್ಲದೆ ಎದ್ದು ಕೀಬೋರ್ಡ್ ಬಿಟ್ಟುಕೊಡಬೇಕು. ಕರೆಂಟ್ ಹೋದರೆ ಮ್ಯಾಚ್ ಡ್ರಾ. ಗೆಲ್ಲುತ್ತಿದ್ದವನು ಅಂಗಳಕ್ಕೆ ಬಂದು ಕೆಇಬಿಗೆ ಬೈಯಬಹುದು, ಅಷ್ಟೇ. ಕಂಪ್ಯೂಟರ್ ಎದುರಿಗೆ ಆಡುವಾಗ ಒಂದು ಗುಟ್ಟೂ ಗೊತ್ತಾಗಿತ್ತು: ಮುಂದೆ ನುಗ್ಗಿ ಲಾಂಗ್ ಆಫ್ ಮೇಲೆ ಎತ್ತಿದರೆ ಬಹುತೇಕ ಸಿಕ್ಸರ್. ಟೆಸ್ಟ್ ಮ್ಯಾಚಿನಲ್ಲಿ ಎದುರಾಳಿ ತಂಡ ಬಸ್ಸು ತಪ್ಪುತ್ತದೇನೋ ಅನ್ನುವ ಹಾಗೆ ಬೀಸಿ ಔಟಾಗುತ್ತಿತ್ತು. ಕಾಮೆಂಟರಿ ಇಬ್ಬರದ್ದು, ಮಾರ್ಕ್ ನಿಕೋಲಸ್ ಮತ್ತು ರಿಚಿ ಬೆನೊ. ಕನ್ನಡ ಮೀಡಿಯಂನ ನಮಗೆ ಬೆನೊ ಯಾರು ಅಂತ ಗೊತ್ತಿರಲಿಲ್ಲ, ಆದರೆ ಆ ಮೆಲುದನಿ ಮನೆಯ ಅಜ್ಜನ ದನಿಯಷ್ಟೇ ಪರಿಚಿತ. 2015ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ, ‘ಲೋ, ನಮ್ಮ ಗೇಮ್‌ನಲ್ಲಿ ಮಾತಾಡೋ ತಾತ ಹೋಗ್ಬುಟ್ರಂತೆ’ ಅಂತ ಬೀದಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡಿದ್ದೆವು.

ಇಂಟರ್‌ವ್ಯೂನಲ್ಲಿ ಇದನ್ನೆಲ್ಲ ಹೇಳಲಿಲ್ಲ. ಅಲ್ಲಿ ಹೇಳಿದ್ದು ಆಮೇಲೆ ಹುಡುಕಿ ಓದಿಕೊಂಡಿದ್ದ ಇತಿಹಾಸ.

ಈ ಸರಣಿ ಶುರುವಾಗಿದ್ದು 1996ರಲ್ಲಿ. ಮೊದಲ ಕೆಲವು ಗೇಮ್‌ಗಳನ್ನು ಬೇರೆ ಬೇರೆ ಸ್ಟುಡಿಯೊಗಳು ಮಾಡಿದವು. 2002ರಿಂದ ಕೆಲಸ ಎಚ್‌ಬಿ ಸ್ಟುಡಿಯೋಸ್‌ಗೆ ಹೋಯಿತು. ಅದು ಇದ್ದದ್ದು ಕೆನಡಾದ ನೋವಾ ಸ್ಕೋಶಿಯಾದ ಲೂನೆನ್‌ಬರ್ಗ್ ಎಂಬ ಪುಟ್ಟ ಬಂದರು ಪಟ್ಟಣದಲ್ಲಿ. ನಾವು ಹಗಲು ರಾತ್ರಿ ಆಡಿದ ಕ್ರಿಕೆಟ್ ಆಟ ತಯಾರಾಗಿದ್ದು, ಚಳಿಗಾಲದಲ್ಲಿ ಹಿಮ ಬೀಳುವ, ಐಸ್ ಹಾಕಿಯ ದೇಶದಲ್ಲಿ! ಕೊನೆಯದಾದ 07 ಬಿಡುಗಡೆಯಾಗಿದ್ದು 2006ರ ನವೆಂಬರ್‌ನಲ್ಲಿ, ಪಿ.ಸಿ. ಮತ್ತು ಪ್ಲೇಸ್ಟೇಷನ್ 2ಕ್ಕೆ. ಆ ವರ್ಷದ ಆ್ಯಶಸ್ ಸರಣಿಗೆ ಹೊಂದಿಸಿ ತಂದದ್ದು, ಹಾಗಾಗಿ ಕವರ್ ಮೇಲೆ ಫ್ಲಿಂಟಾಫ್. ‘ಸೆಂಚುರಿ ಸ್ಟಿಕ್’ ಅಂತ ಹೊಸ ನಿಯಂತ್ರಣ ತಂದಿದ್ದರು, ಗೇಮ್‌ಪ್ಯಾಡಿನ ಕಡ್ಡಿ ತಿರುಗಿಸಿ ಶಾಟ್ ಹೊಡೆಯುವುದು. ಗೇಮ್‌ಪ್ಯಾಡನ್ನೇ ನೋಡದ ನಮಗೆ ಅದರ ಇರವು ತಿಳಿದದ್ದು ಏಳೆಂಟು ವರ್ಷದ ಮೇಲೆ. ಅದನ್ನು ಬಿಟ್ಟರೆ 2005ರ ಗೇಮಿಗೂ ಇದಕ್ಕೂ ನನ್ನ ಪ್ರಕಾರ ದೊಡ್ಡ ವ್ಯತ್ಯಾಸವಿಲ್ಲ. ಭಾರತ ತಂಡದ ಲೈಸೆನ್ಸ್ ಇರಲಿಲ್ಲ, ಹಾಗಾಗಿ ನಮ್ಮ ಆಟಗಾರರ ಹೆಸರುಗಳು ಸೊಟ್ಟ. ಆಗಿನ ಭಾರತ ತಂಡದ ಕ್ಯಾಪ್ಟನ್ ಬೆಂಗಳೂರಿನ ದ್ರಾವಿಡ್. ಅಸಲಿ ಡಿಸ್ಕಿನಲ್ಲಿ ಅವರಿಗೇ ಅವರ ಹೆಸರಿರಲಿಲ್ಲ.

ನನ್ನನ್ನು ಈಗಲೂ ಕಾಡುವುದು ತಾರೀಖುಗಳು. ಈ ಗೇಮ್ ಅಂಗಡಿಗೆ ಬಂದದ್ದು 2006ರ ನವೆಂಬರ್. ಭಾರತ ತನ್ನ ಮೊಟ್ಟಮೊದಲ ಅಂತರರಾಷ್ಟ್ರೀಯ ಟಿ20 ಆಡಿದ್ದು ಅದೇ ವರ್ಷ ಡಿಸೆಂಬರ್ 1ರಂದು, ಜೊಹಾನ್ಸ್‌ಬರ್ಗ್‌ನಲ್ಲಿ. 2007ರ ಸೆಪ್ಟೆಂಬರ್ 24ರಂದು ಅದೇ ಊರಿನಲ್ಲಿ ಪಾಕಿಸ್ತಾನವನ್ನು 5 ರನ್ನಿನಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದೆವು. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಶುರುವಾಯಿತು. ಮೆಕಲಮ್ 158 ಹೊಡೆದ, ನಮ್ಮ ಆರ್‌ಸಿಬಿ 82ಕ್ಕೆ ಆಲೌಟ್. (ಆ ಗಾಯದ ಮೇಲಿನ ಮಾತು ಬೇಡ, 2025ರ ಜೂನ್ 3ಕ್ಕೆ ವಾಸಿಯಾಗಿದೆ.) ಕ್ರಿಕೆಟ್ಟಿನ ಇತಿಹಾಸದಲ್ಲೇ ಅತಿ ಹೆಚ್ಚು ದುಡ್ಡು, ಬಣ್ಣ, ಬೆಳಕು ಬರುವುದಕ್ಕೆ ಸರಿಯಾಗಿ ಒಂದೂವರೆ ವರ್ಷ ಮುಂಚೆ ಈ ಕಂಪನಿ ಕ್ರಿಕೆಟ್ ಬಿಟ್ಟು ಎದ್ದು ಹೋಗಿತ್ತು. 07ರಲ್ಲಿ ಟಿ20 ಇತ್ತು! ಇಂಗ್ಲೆಂಡ್, ಆಸ್ಟ್ರೇಲಿಯಾದ ದೇಶಿ ಟಿ20 ಟೂರ್ನಿಗಳು ಅದರೊಳಗಿದ್ದವು. ಫುಟ್‌ಬಾಲಿಗೆ ಅದೇ ಕಂಪನಿ ವರ್ಷಕ್ಕೊಂದು ಗೇಮ್ ತರುತ್ತಲೇ ಇದೆ, ಫಿಫಾ ಹೆಸರು ಬಿಟ್ಟ ಮೇಲೂ ನಿಂತಿಲ್ಲ. ಕ್ರಿಕೆಟ್ಟಿಗೆ 07ರ ನಂತರ 08 ಬರಲೇ ಇಲ್ಲ.

ಪ್ರತಿಸ್ಪರ್ಧಿಗಳು ಆ ಜಾಗ ತುಂಬಬಹುದಿತ್ತು. ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ಕಂಪನಿಯ ಬ್ರಯಾನ್ ಲಾರಾ ಸರಣಿ ಇತ್ತು. 2007ರ ಆವೃತ್ತಿಯನ್ನು ಭಾರತದಲ್ಲಿ ಯುವರಾಜ್ ಸಿಂಗ್ ಹೆಸರಿನಲ್ಲಿ ಮಾರಿದರು. ಆಮೇಲೆ 2009ರಲ್ಲೊಂದು, 2010ರಲ್ಲೊಂದು ತಂದು ಅವರೂ ಕೈ ಬಿಟ್ಟರು. 2013ರಲ್ಲಿ ಬೇರೆ ಕಂಪನಿಯೊಂದು ‘ಆ್ಯಶಸ್ ಕ್ರಿಕೆಟ್ 2013’ ಬಿಡುಗಡೆ ಮಾಡಿತು. ಅದು ಎಷ್ಟು ಅರೆಬೆಂದಿತ್ತೆಂದರೆ ಕೆಲವೇ ದಿನಗಳಲ್ಲಿ ಮಾರಾಟದಿಂದ ತೆಗೆದು, ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು. ಇನ್ನೂ ತಮಾಷೆಯೆಂದರೆ, 2021ರ ಫೆಬ್ರುವರಿಯಲ್ಲಿ ಇಎ ಕಂಪನಿ ಕೋಡ್‌ಮಾಸ್ಟರ್ಸನ್ನೇ ಕೊಂಡುಕೊಂಡಿತು, ರೇಸಿಂಗ್ ಗೇಮ್‌ಗಳಿಗಾಗಿ. ಒಂದು ಕಾಲದ ಎರಡು ದೊಡ್ಡ ಕ್ರಿಕೆಟ್ ಸರಣಿಗಳು ಒಂದೇ ಸೂರಿನಡಿ ಬಂದವು, ಎರಡೂ ಎದ್ದೇಳಲಿಲ್ಲ. ಅದಾದ ಮುಂದಿನ ತಿಂಗಳೇ ಎಚ್‌ಬಿ ಸ್ಟುಡಿಯೋಸನ್ನು 2ಕೆ ಕೊಂಡಿತು. ಅವರೀಗ ಗಾಲ್ಫ್ ಗೇಮ್ ಮಾಡುತ್ತಾರೆ. ಗಾಲ್ಫ್! ಆಸ್ಟ್ರೇಲಿಯಾದ ಬಿಗ್ ಆ್ಯಂಟ್ ಸ್ಟುಡಿಯೊ ಒಂದು ಮಾತ್ರ 2014ರಲ್ಲಿ ಬ್ರಾಡ್ಮನ್ ಹೆಸರಿನಿಂದ ಶುರು ಮಾಡಿ ಇಂದಿಗೂ ಕ್ರಿಕೆಟ್ ಮಾಡುತ್ತಿದೆ. ಆದರೆ ಅದನ್ನು ಓಡಿಸುವ ಕಂಪ್ಯೂಟರ್ ನಮ್ಮ ಬೀದಿಯಲ್ಲಿ ಯಾರ ಬಳಿಯೂ ಇರಲಿಲ್ಲ.

ಇಷ್ಟನ್ನು ನಾನು ಸುಮಾರು ಹತ್ತು ನಿಮಿಷ ಒಂದೇ ಉಸಿರಿನಲ್ಲಿ ಹೇಳಿದೆ. ‘ನೂರು ಕೋಟಿ ಅಭಿಮಾನಿಗಳನ್ನು ನಡುನೀರಿನಲ್ಲಿ ಬಿಟ್ಟು ಹೋದರು ಸರ್’ ಅಂತ ಮುಗಿಸಿದೆ. ಡೈಲಾಗ್ ಚೆನ್ನಾಗಿತ್ತು. ಎದುರಿಗಿದ್ದವರು ತಲೆಯಾಡಿಸಿ, ನಗುತ್ತಲೇ ಕೇಳಿದರು: ‘ನೀವು ಅದನ್ನು ಎಷ್ಟು ಕೊಟ್ಟು ತಗೊಂಡಿದ್ರಿ?’

ನಲವತ್ತು ರೂಪಾಯಿ. ಅದೂ ನಾನು ಕೊಟ್ಟದ್ದಲ್ಲ. ಆ ನಲವತ್ತರಲ್ಲಿ ಒಂದು ಪೈಸೆಯೂ ಲೂನೆನ್‌ಬರ್ಗ್ ತಲುಪಿದ್ದಿಲ್ಲ. ನಾನು ಸುಮ್ಮನಾದೆ. ಅವರು ಅವಮಾನ ಮಾಡಲು ಕೇಳಿದ್ದಲ್ಲ ಅಂತ ಈಗಲೂ ಅನ್ನಿಸುತ್ತದೆ, ಟೆಸ್ಟರ್ ಆಗುವವನು ಆಟದ ಎಲ್ಲ ಕಡೆಯನ್ನೂ ನೋಡುತ್ತಾನೋ ಇಲ್ಲವೋ ಅಂತ ನೋಡಿದ್ದಿರಬೇಕು. ನಾನು ಒಂದೇ ಕಡೆ ನೋಡಿದ್ದೆ. ಆ ಕೆಲಸ ನನಗೆ ಸಿಗಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಅದೇ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಕ್ರಿಕೆಟ್ ಆಡುವ ದೇಶಗಳು ಹತ್ತೋ ಹನ್ನೆರಡೋ. ದುಡ್ಡು ಕೊಟ್ಟು ಗೇಮ್ ಕೊಳ್ಳುತ್ತಿದ್ದದ್ದು ಮುಖ್ಯವಾಗಿ ಇಂಗ್ಲೆಂಡ್, ಆಸ್ಟ್ರೇಲಿಯಾದವರು. ಹಾಗಾಗಿ ಗೇಮ್ ಆ್ಯಶಸ್‌ಗಾಗಿ ತಯಾರಾಯಿತು, ಹಾಗಾಗಿ ದ್ರಾವಿಡ್ ಹೆಸರು ಸೊಟ್ಟವಾಯಿತು. ಕವಲಂದೆಯ ಹನ್ನೆರಡು ಹುಡುಗರು ಐದು ವರ್ಷ ಆಡಿದ್ದು ಆ ಕಂಪನಿಯ ಯಾವ ಲೆಡ್ಜರಿನಲ್ಲೂ ಒಂದು ಸಾಲಾಗಿರಲಿಲ್ಲ. ಇದರಲ್ಲಿ ನಮ್ಮದೇ ತಪ್ಪು ಅಂತ ಎದೆ ಬಡಿದುಕೊಳ್ಳಲು ನಾನು ತಯಾರಿಲ್ಲ. ಅಸಲಿ ಡಿಸ್ಕ್ ನಮ್ಮ ಕಡೆ ಯಾವ ಅಂಗಡಿಯಲ್ಲೂ ಕಂಡಿರಲಿಲ್ಲ, ಕಂಡಿದ್ದರೂ ಅದರ ಬೆಲೆಗೆ ನಮ್ಮ ಮನೆಗಳಲ್ಲಿ ಒಂದು ವಾರದ ರೇಷನ್ ಬರುತ್ತಿತ್ತು. ಇನ್ನೂ ಬೆಳೆಯದ ಮಾರುಕಟ್ಟೆಯನ್ನು ಕಾಯುವ ತಾಳ್ಮೆ ಕಂಪನಿಗಿರಲಿಲ್ಲ. ಆದರೂ ‘ನಡುನೀರಿನಲ್ಲಿ ಬಿಟ್ಟರು’ ಅಂತ ಇನ್ನೊಮ್ಮೆ ಹೇಳುವಾಗ ನಾಲಿಗೆ ಸ್ವಲ್ಪ ತಡೆಯುತ್ತದೆ.

ಕಂಪನಿ ಬಿಟ್ಟುಹೋದ ಮೇಲೆ ಗೇಮ್ ಬದುಕಿದ್ದಾದರೂ ಹೇಗೆ? ಪ್ಯಾಚ್‌ಗಳಿಂದ. ಬೇರೆ ಬೇರೆ ದೇಶಗಳ ಅಭಿಮಾನಿಗಳು, ಹೆಚ್ಚಿನವರು ಬಿಡುವಿನ ವೇಳೆಯಲ್ಲಿ, ಆಟಗಾರರ ಹೆಸರು ತಿದ್ದಿದರು, ಹೊಸ ಜೆರ್ಸಿ ಬಿಡಿಸಿದರು, ಬ್ಯಾಟಿನ ಸ್ಟಿಕ್ಕರ್, ಮೈದಾನದ ಜಾಹೀರಾತು ಫಲಕ, ಐಪಿಎಲ್ ತಂಡಗಳು ಎಲ್ಲವನ್ನೂ ಹಳೇ ಗೇಮಿನ ಮೇಲೆ ಹೊಲಿದರು. ಫೈಲುಗಳನ್ನು ಬಿಚ್ಚಿ ತಿದ್ದುವ ಟೂಲ್‌ಗಳನ್ನೂ ಅವರೇ ಮಾಡಿಕೊಂಡರು. ಅದನ್ನೇ ಯಾರೋ ಸಿ.ಡಿ.ಗೆ ಹಾಕಿ ನಮಗೆ ನಲವತ್ತು ರೂಪಾಯಿಗೆ ಮಾರಿದ್ದು. ಅಂದರೆ ಅಸಲಿ ಗೇಮ್ ಮಾಡಿದವರಿಗೂ ದುಡ್ಡಿಲ್ಲ, ಪ್ಯಾಚ್ ಮಾಡಿದವರಿಗೂ ಇಲ್ಲ.

ನಮ್ಮ ಬೀದಿಯ ಅಣ್ಣ ಇದನ್ನು ಕಲಿತುಕೊಂಡ. ಯಾರೂ ಹೇಳಿಕೊಟ್ಟಿದ್ದಲ್ಲ. ಡಾಂಗಲ್ ಇಂಟರ್‌ನೆಟ್‌ನಲ್ಲಿ ರಾತ್ರಿಯಿಡೀ ಡೌನ್‌ಲೋಡ್‌ಗೆ ಹಾಕಿ, ಬೆಳಿಗ್ಗೆ ನೋಡಿದರೆ ಅರ್ಧಕ್ಕೆ ನಿಂತಿರುತ್ತಿತ್ತು, ಮತ್ತೆ ಹಾಕುತ್ತಿದ್ದ. ಆಟಗಾರರ ಪಟ್ಟಿ ಇರುವ ರೋಸ್ಟರ್ ಫೈಲ್ ತೆರೆದು ಮೊದಲು ಜಿಂಬಾಬ್ವೆ ತಂಡವನ್ನು ಅಳಿಸಿದ. (ಆ ದೇಶದವರ ಕ್ಷಮೆ ಇರಲಿ.) ಆ ಜಾಗಕ್ಕೆ ಕವಲಂದೆ ತಂಡ ಬಂತು. ಹನ್ನೊಂದು ಜನವೂ ನಮ್ಮವರೇ. ಪ್ರತಿಯೊಬ್ಬನ ಬ್ಯಾಟಿಂಗ್, ಬೌಲಿಂಗ್, ಫೀಲ್ಡಿಂಗ್ ಅಂಕಗಳನ್ನು ನಮ್ಮ ಮೈದಾನದ ಆಟ ನೋಡಿ ಹಾಕಿದ್ದ. ಎಡಗೈ ಬ್ಯಾಟ್ಸ್‌ಮನ್ ಗೇಮ್‌ನಲ್ಲೂ ಎಡಗೈ. ಜೆರ್ಸಿಗೆ ಹಳದಿ ಬಣ್ಣ ಹಾಕಿ ಎದೆಯ ಮೇಲೆ ಕನ್ನಡದಲ್ಲಿ ಊರಿನ ಹೆಸರು ಬರೆದ. ಫಾಂಟ್ ಕೆಲಸ ಮಾಡದೆ ಪೇಂಟ್‌ನಲ್ಲಿ ಮೌಸ್ ಹಿಡಿದು ಒಂದೊಂದು ಅಕ್ಷರ ಬಿಡಿಸಿದ್ದ. ‘ವ’ ಸ್ವಲ್ಪ ‘ಪ’ ಥರ ಕಾಣುತ್ತಿತ್ತು. ನನ್ನ ಹೆಸರು ಹನ್ನೊಂದನೇ ನಂಬರಿನಲ್ಲಿ. ಲಾರ್ಡ್ಸ್ ಮೈದಾನದಲ್ಲಿ ಆಸ್ಟ್ರೇಲಿಯಾ ಎದುರು ನನ್ನ ಹೆಸರು ಪರದೆ ಮೇಲೆ ಬಂದ ಸಂಜೆ ನಾನು ಊಟ ಮಾಡದೆ ಮಲಗಿದ್ದೆ, ಖುಷಿಗೆ.

ಅಣ್ಣನ ಮನೆಯವರ ಕಣ್ಣಿಗೆ ಇದೆಲ್ಲ ‘ಆ ಹಾಳು ಗೇಮು’. ದ್ವಿತೀಯ ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಹೋದ ಮೇಲೆ ಕಂಪ್ಯೂಟರ್ ಅಟ್ಟ ಸೇರಿತು. ಅವನೀಗ ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಒಳ್ಳೆಯ ಕೆಲಸವೇ, ದೂರಿಲ್ಲ.

ಆದರೆ ಆ ‘ಹಾಳು ಗೇಮಿನ’ ಕೆಲಸಕ್ಕೆ ಹೊರಗೆ ‘ಮಾಡಿಂಗ್’ ಅಂತ ಹೆಸರಿದೆ ಎಂಬುದು ನನಗೆ ಗೊತ್ತಾದದ್ದು ಮೈಸೂರಿನಲ್ಲಿ ಬಿಸಿಎ ಓದುವಾಗ. 1999ರಲ್ಲಿ ಕೆನಡಾದ ವಿದ್ಯಾರ್ಥಿ ಮಿನ್ ಲೀ ಮತ್ತು ಅಮೆರಿಕದ ಜೆಸ್ ಕ್ಲಿಫ್ ಸೇರಿ ‘ಹಾಫ್ ಲೈಫ್’ ಎಂಬ ಗೇಮ್ ಮೇಲೆ ಹೊಲಿದ ಮಾಡ್‌ನ ಹೆಸರು ಕೌಂಟರ್ ಸ್ಟ್ರೈಕ್. ಮರುವರ್ಷ ವಾಲ್ವ್ ಕಂಪನಿ ಅದನ್ನು ಕೊಂಡು ಇಬ್ಬರಿಗೂ ಕೆಲಸ ಕೊಟ್ಟಿತು. ಪಬ್‌ಜಿಯ ಮೂಲವೂ ಮಾಡ್. ಐರ್ಲೆಂಡಿನ ಬ್ರೆಂಡನ್ ಗ್ರೀನ್ ‘ಆರ್ಮಾ 2’ ಎಂಬ ಸೈನಿಕ ಗೇಮನ್ನು ತಿದ್ದುತ್ತಾ ಆ ಕಡೆ ಬಂದವರು. ಆ ದಿನಗಳಲ್ಲಿ ಕೆಲ ಕಾಲ ಸರ್ಕಾರದ ನಿರುದ್ಯೋಗ ಭತ್ಯೆಯಲ್ಲಿ ಬದುಕಿದ್ದರಂತೆ. ಯುವನಿಧಿ ದುಡ್ಡಿಗೆ ಕಾಯುತ್ತಿದ್ದ ತಿಂಗಳುಗಳಲ್ಲಿ ಈ ಸಂಗತಿ ಓದಿ ನಾನು ಸ್ವಲ್ಪ ನೆಟ್ಟಗೆ ಕುಳಿತಿದ್ದೆ. ಮೂಲ ಕಂಪನಿ ಮಾಡ್ ಮಾಡುವವರನ್ನು ಗಮನಿಸಿದ ಕಡೆ ಗೇಮ್ ಬೆಳೆಯಿತು. ಕ್ರಿಕೆಟ್ 07ರ ಹುಡುಗರನ್ನು ಕರೆದು ಕೂರಿಸಿಕೊಳ್ಳುವವರು ಯಾರೂ ಇರಲಿಲ್ಲ. ಈ ಸರಣಿ ಪೋಲು ಮಾಡಿದ ಸಾಮರ್ಥ್ಯ ಯಾವುದು ಅಂತ ಇವತ್ತು ಯಾರಾದರೂ ಕೇಳಿದರೆ, ಐಪಿಎಲ್ ತಪ್ಪಿಸಿಕೊಂಡದ್ದನ್ನು ಎರಡನೆಯದಾಗಿ ಹೇಳುತ್ತೇನೆ.

ಖಾಲಿ ಬಿಟ್ಟ ಜಾಗ ಖಾಲಿಯಾಗಿಯೇ ಇರುವುದಿಲ್ಲವಲ್ಲ. 2016ರಲ್ಲಿ ಜಿಯೊ ಬಂತು, ಆಟ ಮೊಬೈಲಿಗೆ ಇಳಿಯಿತು. ಚೆನ್ನೈನ ನೆಕ್ಸ್ಟ್‌ವೇವ್ ಕಂಪನಿಯ ‘ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್’ ನಮ್ಮ ಬೀದಿಗೂ ಬಂತು. ಅಗ್ಗದ ಫೋನಿನಲ್ಲೂ ಓಡುವ ಹಾಗೆ, ನಮ್ಮವರೇ ನಮಗಾಗಿ ಮಾಡಿದ ಕ್ರಿಕೆಟ್ ಅಂತ ನಾನು ಅದನ್ನು ಈಗಲೂ ಮೆಚ್ಚುತ್ತೇನೆ. ಆದರೆ ಅದರ ಬೆನ್ನಿಗೇ ದುಡ್ಡು ಕಟ್ಟಿ ಹನ್ನೊಂದು ಜನರನ್ನು ಆರಿಸುವ ಆ್ಯಪ್‌ಗಳೂ ಬಂದವು. ನಮ್ಮ ಕವಲಂದೆ ತಂಡದಲ್ಲಿ ಓಪನರ್ ಆಗಿದ್ದವನು ಅಂಥದ್ದೊಂದರಲ್ಲಿ ಬೈಕಿನ ಕಂತಿನ ದುಡ್ಡು ಕಳೆದು, ಎರಡು ತಿಂಗಳು ಮನೆಯವರ ಮುಖ ನೋಡದೆ ತಿರುಗಿದ. 2025ರ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಾಗ ಅವನು ಒಂದೇ ಮಾತು ಹೇಳಿದ: ‘ಮೊದ್ಲೇ ತರಬಾರ್ದಿತ್ತಾ?’

ಕೆಲಸ ಹುಡುಕುವವರು ಈ ಪುಟ ಓದುತ್ತೀರಿ, ಹಾಗಾಗಿ ನಾನು ಕಲೆಹಾಕಿದ್ದನ್ನು ಸ್ವಲ್ಪ ಹೇಳುತ್ತೇನೆ. ಗೇಮ್ ಅಂದರೆ ಹೊರದೇಶದ ಸರಕು ಅಂತ ನಾನು ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಗೇಮ್ ಕಂಪನಿ ಕಟ್ಟಿದ್ದು 1997ರಲ್ಲೇ, ದೇಶದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಅದೂ ಒಂದು. 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರು ಸ್ಟುಡಿಯೊಗೆ ಸೇರಿಸಿಕೊಂಡಿತು. ನಮ್ಮ ಬೀದಿಯಲ್ಲಿ ವೈಸ್ ಸಿಟಿ ಆಡುತ್ತಿದ್ದಾಗ ಆ ಹೆಸರಿನ ಹಿಂದಿನ ಕಂಪನಿ ಒಂದು ದಿನ ನಮ್ಮೂರಿಂದ ಎರಡು ರೈಲು ಬದಲಿಸಿದರೆ ಸಿಗುವಷ್ಟು ಹತ್ತಿರ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು? ಅನಿಮೇಷನ್ ಮತ್ತು ಗೇಮಿಂಗ್‌ಗೆ ಕರ್ನಾಟಕ ಸರ್ಕಾರದ ಪ್ರತ್ಯೇಕ ನೀತಿ 2012ರಿಂದಲೇ ಇದೆ, ಈಗ ನಡೆಯುತ್ತಿರುವುದು 2024–29ರದ್ದು. ಇದನ್ನೆಲ್ಲ ಓದಿ ನಾಳೆಯೇ ಕೆಲಸ ಸಿಗುತ್ತದೆ ಅಂತ ನಾನು ಹೇಳಲಾರೆ, ನನಗೇ ಸಿಕ್ಕಿಲ್ಲ. ಇಂಟರ್‌ವ್ಯೂಗಳಲ್ಲಿ ಮಾರ್ಕ್ಸ್ ಕಾರ್ಡಿಗಿಂತ ಮೊದಲು ‘ನೀವೇ ಮಾಡಿದ್ದು ಏನಾದರೂ ತೋರಿಸಿ’ ಅನ್ನುತ್ತಾರೆ. ನಾನು ತೋರಿಸಲು ಏನನ್ನೂ ಮಾಡಿರಲಿಲ್ಲ, ಆಡಿದ್ದೆ ಅಷ್ಟೇ. ಮಾಡಿದ್ದವನು ಪಾಳಿಯಲ್ಲಿದ್ದ.

ಇಂಟರ್‌ವ್ಯೂ ಆದ ಮುಂದಿನ ಭಾನುವಾರ ಅವನ ಮನೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ. ನಲವತ್ತು ರೂಪಾಯಿ ಪ್ರಶ್ನೆಗೆ ಜೋರಾಗಿ ನಕ್ಕ. ಕೌಂಟರ್ ಸ್ಟ್ರೈಕ್ ಕಥೆ ಕೇಳುವಾಗ ನಗಲಿಲ್ಲ. ‘ಅದಕ್ಕೆ ದುಡ್ಡು ಕೊಡ್ತಾರಾ?’ ಅಂದ. ಕೊಡುತ್ತಾರೆ ಅಂದೆ. ‘ಎಷ್ಟು ಕೊಡ್ತಾರೆ?’ ಅಂತ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಏಣಿ ತಂದ.

ಅಟ್ಟದ ಮೇಲಿನ ಕಂಪ್ಯೂಟರ್ ಆನ್ ಆಗಲಿಲ್ಲ. ಆಗುತ್ತದೆ ಅಂತ ಇಬ್ಬರಿಗೂ ನಂಬಿಕೆಯೂ ಇರಲಿಲ್ಲ. ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿಕೊಂಡು, ಮೈಸೂರಿನಿಂದ ಒಂದು ಕೇಬಲ್ ತಂದು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. ಅರ್ಧಕ್ಕರ್ಧ ಫೈಲ್ ತೆರೆಯಲಿಲ್ಲ. ರೋಸ್ಟರ್ ತೆರೆಯಿತು. ಹನ್ನೊಂದು ಹೆಸರೂ ಇದ್ದವು. ಅದರಲ್ಲಿ ಇಬ್ಬರು ದುಬೈನಲ್ಲಿದ್ದಾರೆ, ಒಬ್ಬ ಕೆಎಸ್‌ಆರ್‌ಟಿಸಿಯಲ್ಲಿ, ಒಬ್ಬ ಈಗ ಇಲ್ಲ. ಅವನ ಹೆಸರಿನ ಮುಂದೆ ಅಣ್ಣ ಫೀಲ್ಡಿಂಗ್‌ಗೆ ತುಂಬು ಅಂಕ ಹಾಕಿದ್ದ.

ಈಗ ಅವನಿಗೆ ರಜೆ ಸಿಕ್ಕ ದಿನಗಳಲ್ಲಿ ಗೊಡಾಟ್ ಎಂಬ ಉಚಿತ ಎಂಜಿನ್ ಹಾಕಿಕೊಂಡು ಇಬ್ಬರೂ ಒಂದು ಪುಟ್ಟ ಆಟ ಮಾಡಲು ನೋಡುತ್ತಿದ್ದೇವೆ. ಕ್ರಿಕೆಟ್ಟೇ. ಇನ್ನೂ ಬ್ಯಾಟಿಗೆ ಚೆಂಡು ತಗುಲಿದರೆ ಅದು ಕೀಪರ್ ಎದೆಯೊಳಗಿಂದ ತೂರಿ ಬೌಂಡರಿಗೆ ಹೋಗುತ್ತದೆ. ಆಟಗಾರರ ಪಟ್ಟಿ ಮಾತ್ರ ಹಳೆಯದೇ. ನನ್ನ ಬ್ಯಾಟಿಂಗ್‌ಗೆ ಅವನು ನೂರಕ್ಕೆ ಹನ್ನೆರಡು ಹಾಕಿದ್ದಾನೆ ಅಂತ ಗೊತ್ತಾದದ್ದು ಆವತ್ತೇ. ಈಗಲಾದರೂ ಸ್ವಲ್ಪ ಜಾಸ್ತಿ ಮಾಡಣ್ಣ ಅಂದೆ. ‘ಆವಾಗ್ಲೇ ಜಾಸ್ತಿ ಹಾಕಿದ್ದೆ’ ಅಂದ.